ದುಡ್ಡು ಕೊಡುವ ಮೊದಲೇ ಗಿರಾಕಿ ನಮ್ಮನ್ನು ಅಳೆದಿರುತ್ತಾರೆ

ನ್ಯೂಜೆರ್ಸಿಯಲ್ಲಿ ನನ್ನದು ಟ್ಯಾಕ್ಸ್ ರಿಟರ್ನ್ ಮಾಡಿಕೊಡುವ ಕೆಲಸ. ಎಡಿಸನ್‌ನ ಓಕ್ ಟ್ರೀ ರೋಡ್ ಸುತ್ತಮುತ್ತ ನಮ್ಮ ದೇಶದವರು ಜಾಸ್ತಿ, ಈ ಕೆಲಸಕ್ಕೆ ಕೂತವರೂ ಜಾಸ್ತಿ. ಕಡೇ ದಿನ ಏಪ್ರಿಲ್ 15. ಜನವರಿ ಕೊನೆಗೆ ಕಂಪನಿಗಳಿಂದ ಡಬ್ಲ್ಯೂ-2, ಅಂದರೆ ವರ್ಷದ ಸಂಬಳ ಮತ್ತು ಹಿಡಿದ ತೆರಿಗೆಯ ಲೆಕ್ಕ, ಕೈಗೆ ಬರುತ್ತೆ, ಅಲ್ಲಿಂದ ಫೋನು ಶುರು. ಹೊಸಬರ ಮೊದಲ ಪ್ರಶ್ನೆ "ಎಷ್ಟು ಚಾರ್ಜ್ ಮಾಡ್ತೀರಾ?" ಅಂತ. ಅದನ್ನು ನೇರವಾಗಿ ಹೇಳಿಬಿಡುತ್ತೇನೆ. ಆಮೇಲಿನ ಹತ್ತು ನಿಮಿಷದ ಮಾತೇ ಮುಖ್ಯ.

ಹಾಸನದ ಕಡೆಯ ಹುಡುಗನೊಬ್ಬ ಒಂದು ಸಂಜೆ ಫೋನ್ ಮಾಡಿದ. ಎಂಎಸ್ ಓದಲು ಬಂದವನು.

"ಅಕ್ಕ, ಫ್ರೆಂಡ್ಸೆಲ್ಲ ಯಾವುದೋ ಸಾಫ್ಟ್‌ವೇರಲ್ಲಿ ತಾವೇ ಫೈಲ್ ಮಾಡ್ಕೊಂಡ್ರು. ನಾನೂ ಅದ್ರಲ್ಲೇ ಮಾಡ್ಲಾ?"

"ತಡಿಯಪ್ಪ. ಎಫ್-1, ಸ್ಟೂಡೆಂಟ್ ವೀಸಾ ತಾನೇ? ಬಂದು ಎಷ್ಟು ದಿನ ಆಯ್ತು?"

"ಹೋದ ಆಗಸ್ಟಲ್ಲಿ ಬಂದೆ."

"ಹೋದ ವರ್ಷ ಏನಾದ್ರೂ ದುಡಿದ್ಯಾ?"

"ಇಲ್ಲ ಅಕ್ಕ. ಈ ತಿಂಗಳಿಂದ ಲೈಬ್ರರೀಲಿ ಪಾರ್ಟ್ ಟೈಮ್."

"ಹಾಗಿದ್ರೆ ಈ ಸಲ 8843 ಅನ್ನೋ ಫಾರಂ ಒಂದೇ ಸಾಕು. ನೀನೇ ತುಂಬಿ ಪೋಸ್ಟ್ ಮಾಡು. ನನಗೇನೂ ಕೊಡೋದು ಬೇಡ."

ಅಷ್ಟಕ್ಕೇ ಬಿಡಲಿಲ್ಲ. ವಿದ್ಯಾರ್ಥಿಗಳನ್ನು ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ಇಲ್ಲಿ ಅನಿವಾಸಿ ಅಂತಲೇ ಲೆಕ್ಕ ಹಿಡಿಯುತ್ತಾರೆ. ಸಂಬಳ ಬಂದಾಗ ಎಲ್ಲರೂ ಹಾಕುವ 1040 ಫಾರಂ ಅವರಿಗಲ್ಲ, 1040-ಎನ್‌ಆರ್ ಹಾಕಬೇಕು. ಜೊತೆಗೆ ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ಇಷ್ಟಕ್ಕೆ ತೆರಿಗೆ ಇಲ್ಲ ಅನ್ನುವ ನಿಗದಿತ ಕಡಿತ) ಸಿಗುತ್ತೆ, ಬೇರೆ ಬಹುತೇಕ ದೇಶಗಳ ಹುಡುಗರಿಗೆ ಆ ಭಾಗ್ಯ ಇಲ್ಲ. "ಮುಂದಿನ ವರ್ಷ ಯಾರ ಹತ್ರ ಮಾಡಿಸಿದ್ರೂ ಇದನ್ನ ಕೇಳು" ಅಂದೆ. ಆವತ್ತು ನನಗೆ ಒಂದು ಡಾಲರೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಬೇಡದ ಕೆಲಸಕ್ಕೆ ಅವನ ಹತ್ತಿರ ದುಡ್ಡು ಕೀಳುವುದು ತಪ್ಪು, ಅಷ್ಟೇ.

ಇನ್ನು ಕೆಲವರು ನಮ್ಮನ್ನು ಬೇರೆ ಥರ ಪರೀಕ್ಷೆ ಮಾಡುತ್ತಾರೆ. ಕನ್ನಡ ಕೂಟದ ಊಟದ ಸಾಲಲ್ಲಿ ನಿಂತಾಗ ಸುಮ್ನೆ ಕೇಳಿದ ಹಾಗೆ ಕೇಳುತ್ತಾರೆ, "ನಮ್ಮ ಪಕ್ಕದ ಮನೆಯವರು ನಿಮ್ಮ ಹತ್ರಾನೇ ಮಾಡಿಸೋದಲ್ವಾ, ಅವರಿಗೆ ಎಷ್ಟು ರಿಫಂಡ್ ಬಂತು?" ನಗುತ್ತಾ ಮಾತು ಬದಲಾಯಿಸುತ್ತೇನೆ. ಒಬ್ಬರ ತೆರಿಗೆ ವಿಷಯ ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವುದು ಇಲ್ಲಿನ ಕಾನೂನಿನಲ್ಲಿ ಅಪರಾಧ, ಜೈಲು ಶಿಕ್ಷೆಯೂ ಇದೆ. ಕಾನೂನು ಹಾಗಿರಲಿ, ಪಕ್ಕದ ಮನೆಯವರದ್ದು ಹೇಳಿದರೆ ನಾಳೆ ತನ್ನದನ್ನೂ ಹೇಳುತ್ತಾಳೆ ಅಂತ ಕೇಳಿದವರಿಗೇ ಗೊತ್ತಾಗಿಬಿಡುತ್ತೆ.

"ಬೇರೆಯವರಿಗಿಂತ ಜಾಸ್ತಿ ರಿಫಂಡ್ ತೆಗೆಸಿಕೊಡ್ತೀವಿ" ಅಂತ ಕಾಗದ ನೋಡುವ ಮೊದಲೇ ಹೇಳುವವರು, ರಿಫಂಡಿನಲ್ಲಿ ಶೇಕಡಾ ಇಷ್ಟು ಅಂತ ಫೀಸು ಕೇಳುವವರು, ರಿಟರ್ನಿಗೆ ಸಹಿ ಹಾಕದೆ ಜಾರಿಕೊಳ್ಳುವವರು ಇದ್ದಾರೆ. ಇಂಥವರಿಂದ ದೂರ ಇರಿ ಅಂತ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಕೂಡ ಹೇಳುತ್ತಲೇ ಇರುತ್ತೆ.

ಸಂಬಂಧ ಗಟ್ಟಿಯಾಗುವುದು ಸೀಸನ್ ಇಲ್ಲದ ತಿಂಗಳುಗಳಲ್ಲಿ. ಜುಲೈನಲ್ಲಿ ಒಬ್ಬರು ಫೋನ್ ಮಾಡಿ, ಮನೆ ಜೆರ್ಸಿ ಸಿಟಿಯಲ್ಲಿದೆ, ಹೊಸ ಕೆಲಸ ಮ್ಯಾನ್‌ಹಟನ್‌ನಲ್ಲಿ ಸಿಕ್ಕಿದೆ, ಎರಡೂ ರಾಜ್ಯಕ್ಕೆ ತೆರಿಗೆ ಕಟ್ಟಿ ಸಾಯಬೇಕಾ ಅಂತ ಗಾಬರಿಯಿಂದ ಕೇಳುತ್ತಾರೆ. ಎರಡೂ ಕಡೆ ರಿಟರ್ನ್ ಹಾಕಬೇಕು, ಆದರೆ ನ್ಯೂಯಾರ್ಕಿಗೆ ಕಟ್ಟಿದ್ದಕ್ಕೆ ನ್ಯೂಜೆರ್ಸಿ ಕ್ರೆಡಿಟ್ ಕೊಡುತ್ತೆ (ತನ್ನ ತೆರಿಗೆಯಲ್ಲಿ ಕಳೆಯುತ್ತೆ) ಅಂದರೆ ಅವರಿಗೆ ಜೀವ ಬಂದ ಹಾಗಾಗುತ್ತೆ. ಅದಕ್ಕೆ ಬಿಲ್ ಕಳಿಸುವುದಿಲ್ಲ.

ಹೊಸದಾಗಿ ಎಚ್-1ಬಿ ಕೆಲಸದ ವೀಸಾದಲ್ಲಿ ಬಂದ ಸಂಸಾರಕ್ಕೆ ನಾನು ಕೇಳಲೇಬೇಕಾದ ಪ್ರಶ್ನೆ ಒಂದಿದೆ. "ಊರಲ್ಲಿ ಅಪ್ಪನ ಜೊತೆ ಜಂಟಿ ಖಾತೆ ಇದೆಯಾ?" ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಇಲ್ಲಿ ತೆರಿಗೆ ಲೆಕ್ಕಕ್ಕೆ ನಿವಾಸಿ ಆದವರ ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದ್ದರೂ ಆ ಖಾತೆಗಳ ವಿವರ ಕೊಡುವ ಎಫ್‌ಬಾರ್ ಸಲ್ಲಿಸಬೇಕು. ಜಂಟಿ ಖಾತೆಯಾದರೆ ಅರ್ಧ ಹಿಡಿಯುವ ಹಾಗಿಲ್ಲ, ಪೂರ್ತಿ ಮೊತ್ತ ತೋರಿಸಬೇಕು. ಅದು ಮಾಹಿತಿ ಕೊಡುವುದಷ್ಟೇ, ಅದಕ್ಕೆ ಅಂತ ತೆರಿಗೆ ಇಲ್ಲ, ಆನ್‌ಲೈನ್‌ನಲ್ಲಿ ಪುಕ್ಕಟೆ. ಆದರೆ ಬಿಟ್ಟರೆ ದಂಡ ಸಾವಿರಗಟ್ಟಲೆ ಡಾಲರ್ ಆಗಬಹುದು.

ಅದಕ್ಕೇ ಊರಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಅಮೆರಿಕದಲ್ಲಿರುವ ಮಗನ ಅಥವಾ ಮಗಳ ಹೆಸರು ಸೇರಿಸಿ ಎಫ್‌ಡಿ ಮಾಡಿಸಿದ್ದರೆ ದಯವಿಟ್ಟು ಅವರಿಗೆ ತಿಳಿಸಿ. ಬ್ಯಾಂಕಿನ ಹೆಸರು, ವಿಳಾಸ, ಖಾತೆ ನಂಬರು, ಆ ವರ್ಷ ಅದರಲ್ಲಿ ಅತಿ ಹೆಚ್ಚು ಎಂದರೆ ಎಷ್ಟಿತ್ತು, ಇಷ್ಟನ್ನು ವಾಟ್ಸಾಪಿನಲ್ಲಿ ಕಳಿಸಿದರೂ ಸಾಕು.