ಏಳು ನಿಮಿಷ ತಡವಾದ ನೆರಳು

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆ ಎಂಸಿಎಫ್‌ನ, ಅಂದರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ, ದೊಡ್ಡ ಬಿಳಿ ಆಂಟೆನಾಗಳು ಹೊಸತಲ್ಲ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಕಕ್ಷೆಗೆ ಏರಿಸಿ, ಆಯುಷ್ಯ ಮುಗಿಯುವವರೆಗೂ ಅಲ್ಲಿಯೇ ಕಾಯುವ ಈ ಕೇಂದ್ರ ಆರಂಭವಾದದ್ದು 1982ರಲ್ಲಿ. ಇದರ ಜೊತೆಗಾರ ಕೇಂದ್ರವೊಂದು ಭೋಪಾಲಿನಲ್ಲಿ ತಲೆಯೆತ್ತಿದ್ದು 2005ರಲ್ಲಿ. ಆ ರಸ್ತೆಯಲ್ಲೇ ವರ್ಷಗಟ್ಟಲೆ ಓಡಾಡಿ ಭೌತಶಾಸ್ತ್ರ ಪಾಠ ಮಾಡಿದ ನಾನು, ಆ ಬಟ್ಟಲುಗಳು ಹಗಲಿರುಳೂ ಏನನ್ನು ನೋಡುತ್ತಿವೆಯೋ ಅದನ್ನು ನಾನೂ ಒಮ್ಮೆ ನೋಡಬೇಕೆಂದು ಎಂದೂ ಯೋಚಿಸಿರಲಿಲ್ಲ. ಯೋಚಿಸಿದ್ದು ನನ್ನ ಎಂ.ಎಸ್ಸಿ. ವಿದ್ಯಾರ್ಥಿನಿ. ಭೂಸ್ಥಿರ ಉಪಗ್ರಹಗಳು ಭೂಮಿಯ ನೆರಳನ್ನು ಹೊಕ್ಕು ಹೊರಬರುವ ಸಮಯವನ್ನು ಸಾಧಾರಣ ಕ್ಯಾಮೆರಾದಿಂದ ಅಳೆಯುವುದನ್ನೇ ತನ್ನ ಪ್ರಾಜೆಕ್ಟಿನ ವಿಷಯವಾಗಿ ಆರಿಸಿಕೊಂಡಿದ್ದಳು.

ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಈ ಉಪಗ್ರಹಗಳು ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿ ಇಪ್ಪತ್ತು ಸೆಕೆಂಡು ಬೆಳಕು ಹಿಡಿದರೆ, ಭೂಮಿಯ ತಿರುಗುವಿಕೆಯಿಂದಾಗಿ ನಕ್ಷತ್ರಗಳೆಲ್ಲ ಗೀರುಗಳಾಗಿ ಮೂಡುತ್ತವೆ, ಭೂಮಿಯೊಡನೆಯೇ ತಿರುಗುವ ಉಪಗ್ರಹ ಮಾತ್ರ ಚುಕ್ಕಿಯಾಗಿ ಉಳಿಯುತ್ತದೆ. ಹಗಲು ರಾತ್ರಿ ಸಮನಾಗುವ ವಿಷುವದ ಆಸುಪಾಸಿನ ವಾರಗಳಲ್ಲಿ ಸೂರ್ಯ, ಭೂಮಿ, ಉಪಗ್ರಹ ಪ್ರತಿ ರಾತ್ರಿಯೂ ಒಂದೇ ಸಾಲಿಗೆ ಬರುವುದರಿಂದ ಆ ಚುಕ್ಕಿ ಹೆಚ್ಚೆಂದರೆ 72 ನಿಮಿಷ ಮಾಯವಾಗುತ್ತದೆ. ಚಂದ್ರನ ಕಾಟವಿಲ್ಲದ ರಾತ್ರಿಯೂ ಬೇಕಿತ್ತು. 2023ರ ಮಾರ್ಚ್ 21 ಎರಡಕ್ಕೂ ಒದಗಿ ಬಂತು: ವಿಷುವ, ಅದರ ಮೇಲೆ ಅಮಾವಾಸ್ಯೆ. ಮರುದಿನ ಯುಗಾದಿ ಎಂಬುದೊಂದೇ ತೊಡಕು.

ಅರಸೀಕೆರೆ ತಾಲ್ಲೂಕಿನಲ್ಲಿದ್ದ ಅವಳ ಅಜ್ಜಿಯ ಮನೆಯ ತಾರಸಿಯೇ ನಮ್ಮ ವೀಕ್ಷಣಾಲಯವಾಯಿತು. ಸುತ್ತ ತೆಂಗಿನ ತೋಟ, ಬೀದಿದೀಪಗಳ ಗೊಡವೆ ಇಲ್ಲ. ಅಜ್ಜಿ ಕೆಳಗೆ ಒಬ್ಬಟ್ಟಿಗೆ ಬೇಳೆ ನೆನೆಹಾಕುತ್ತಲೇ, "ಏನ್ ಮೇಷ್ಟ್ರೇ, ಹಬ್ಬದ ಹಿಂದಿನ ದಿನ ಅಮಾಸೆ ರಾತ್ರೀಲಿ ಹುಡುಗೀನ ಮಹಡಿ ಹತ್ತಿಸ್ತೀರಲ್ಲ" ಎಂದು ನನ್ನನ್ನು ಆಕ್ಷೇಪಿಸಿದರು. ಹತ್ತಿಸಿದವಳು ಅವರ ಮೊಮ್ಮಗಳೇ ಎಂದು ಹೇಳಿದರೆ ನಂಬುವಂತಿರಲಿಲ್ಲ.

ನಾವು ಆರಿಸಿಕೊಂಡದ್ದು 83 ಡಿಗ್ರಿ ಪೂರ್ವ ರೇಖಾಂಶದ ಗುಂಪನ್ನು. ಜಿಸ್ಯಾಟ್-10, ಜಿಸ್ಯಾಟ್-30 ಮೊದಲಾದವು ಅಲ್ಲಿ ಒತ್ತೊತ್ತಾಗಿವೆ. ಒತ್ತೊತ್ತು ಎಂದರೂ ಆ ಎತ್ತರದಲ್ಲಿ 0.1 ಡಿಗ್ರಿ ಎಂಬುದು ಸುಮಾರು 74 ಕಿ.ಮೀ. ಆಗುತ್ತದೆ. ಸೂರ್ಯ ಚಂದ್ರರ ಸೆಳೆತ ಅವುಗಳನ್ನು ಉತ್ತರ ದಕ್ಷಿಣಕ್ಕೆ ವಾಲಿಸುತ್ತದೆ, ಭೂಮಧ್ಯರೇಖೆ ಪೂರ್ಣ ವೃತ್ತವಲ್ಲದಿರುವುದು ಪೂರ್ವ ಪಶ್ಚಿಮಕ್ಕೆ ಜಾರಿಸುತ್ತದೆ. ಹಾಗೆ ಅಲೆಯುವ ದನವನ್ನು ಮತ್ತೆ ಗೂಟದ ಬಳಿಗೆ ತರುವಂತೆ ಚಿಕ್ಕ ಎಂಜಿನ್ನುಗಳನ್ನು ಉರಿಸಿ ಸರಿಪಡಿಸುವುದೇ ನಮ್ಮೂರಿನ ಆ ಕೇಂದ್ರದ ನಿತ್ಯದ ಕೆಲಸ. ಉತ್ತರಾ ನಕ್ಷತ್ರದಿಂದ ದಕ್ಷಿಣಕ್ಕೆ, ಚಾಚಿದ ಕೈಯ ಗೇಣಿಗಿಂತ ಕೊಂಚ ಕಡಿಮೆ ದೂರದಲ್ಲಿ ಲೆನ್ಸನ್ನು ಗುರಿಯಿಟ್ಟು ತೆಗೆದ ಮೂರನೆಯ ಚಿತ್ರದಲ್ಲಿ, ಗೀರುಗಳ ನಡುವೆ ಅಲುಗದ ಚುಕ್ಕಿಗಳು ಕಂಡಾಗ ನಾನು ಒಂದು ಕ್ಷಣ ಮೇಷ್ಟ್ರೆಂಬುದನ್ನೇ ಮರೆತೆ.

ಲೆಕ್ಕ ಅವಳದೇ. ಭಾರತೀಯ ಕಾಲಮಾನ 82.5 ಡಿಗ್ರಿಯದು, ಡಿಗ್ರಿಗೆ ನಾಲ್ಕು ನಿಮಿಷದಂತೆ 83 ಡಿಗ್ರಿಯಲ್ಲಿ ನಡುರಾತ್ರಿ 11:58ಕ್ಕೆ ಆಗಬೇಕು. ನೆರಳಿನ ಒಟ್ಟು ಅವಧಿ ಸುಮಾರು 70 ನಿಮಿಷ, ಆದ್ದರಿಂದ ಚುಕ್ಕಿಗಳು ಸುಮಾರು 11:23ಕ್ಕೆ ಮರೆಯಾಗಿ 12:33ಕ್ಕೆ ಮರಳಬೇಕು. 11:23 ಆಯಿತು, 11:25 ಆಯಿತು, ಚುಕ್ಕಿಗಳು ಇದ್ದಲ್ಲೇ ಇದ್ದವು. 11:30ರ ಹೊತ್ತಿಗೆ ಮಂಕಾಗತೊಡಗಿ, ಒಂದೆರಡು ನಿಮಿಷದಲ್ಲಿ ಪೂರ್ತಿ ಅಳಿಸಿಹೋದವು.

"ಸರ್, ಕ್ಯಾಮೆರಾ ಗಡಿಯಾರ ತಪ್ಪಿರಬೇಕು" ಎಂದಳು. ಫೋನಿನೊಡನೆ ಹೋಲಿಸಿದೆವು, ಸರಿಯಾಗಿಯೇ ಇತ್ತು. ಕೆಳಗೆ ಅಜ್ಜಿಯ ಟಿವಿ ಹಬ್ಬದ ಕಾರ್ಯಕ್ರಮವನ್ನು ಜೋರಾಗಿ ಬಿತ್ತರಿಸುತ್ತಿತ್ತು. ಅವರ ಮನೆಯ ಡಿಶ್ ಕೂಡ ಇದೇ 83 ಡಿಗ್ರಿಯತ್ತಲೇ ಮುಖ ಮಾಡಿತ್ತಾದ್ದರಿಂದ, ನಮ್ಮ ಚಿತ್ರದಿಂದ ಮಾಯವಾದ ಉಪಗ್ರಹ ಸೌರಫಲಕಗಳಿಗೆ ಬಿಸಿಲಿಲ್ಲದ ಕತ್ತಲಲ್ಲಿ ಬ್ಯಾಟರಿಯ ಬಲದಿಂದಲೇ ಆ ಹಾಡನ್ನು ಕಳಿಸುತ್ತಿದೆ ಎಂಬುದು ನಮಗೆ ಗೊತ್ತಿತ್ತು. ಅಜ್ಜಿಗೆ ಒಂದು ಗೆರೆಯೂ ಅಲುಗಲಿಲ್ಲ.

ಚುಕ್ಕಿಗಳು ಮರಳಿದ್ದು 12:40ರ ಸುಮಾರಿಗೆ. ಹೋದದ್ದೂ ಏಳು ನಿಮಿಷ ತಡ, ಬಂದದ್ದೂ ಏಳು ನಿಮಿಷ ತಡ. ಅಂದರೆ ನೆರಳಿನ ಅಗಲದ ಲೆಕ್ಕ ಸರಿ, ಅದರ ನಡುಬಿಂದು ಮಾತ್ರ ಸರಿದಿದೆ. ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಬಹಳ ಹೊತ್ತು ತಲೆ ಕೆರೆದುಕೊಂಡೆವು. ಕೊನೆಗೆ ಹೊಳೆದದ್ದು ಅವಳಿಗೆ: ನೆರಳನ್ನು ಬೀಳಿಸುವುದು ನಮ್ಮ ಗಡಿಯಾರವಲ್ಲ, ಸೂರ್ಯ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದಲೂ ಅಕ್ಷ ವಾಲಿರುವುದರಿಂದಲೂ ನಿಜವಾದ ಸೂರ್ಯ ಗಡಿಯಾರದ ಸೂರ್ಯನೊಡನೆ ಹೊಂದುವುದು ವರ್ಷದಲ್ಲಿ ನಾಲ್ಕೇ ದಿನ. ನವೆಂಬರ್ ಆರಂಭದಲ್ಲಿ ಹದಿನಾರು ನಿಮಿಷ ಮುಂದಿರುತ್ತಾನೆ, ಮಾರ್ಚ್ ಮೂರನೆಯ ವಾರದಲ್ಲಿ ಏಳು ನಿಮಿಷ ಹಿಂದಿರುತ್ತಾನೆ. ಕಾಲ ಸಮೀಕರಣ ಎಂಬ ಹೆಸರಿನಲ್ಲಿ ಇದನ್ನು ನಾನೇ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಅಳತೆಯಲ್ಲಿ ಎದುರಾದಾಗ ಗುರುತು ಹಿಡಿಯಲಾಗಲಿಲ್ಲವಲ್ಲ ಎಂಬ ನಾಚಿಕೆ ಈಗಲೂ ಇದೆ.

ನಸುಕಿನಲ್ಲಿ ಎಣ್ಣೆನೀರಿಗೆಂದು ಎದ್ದ ಅಜ್ಜಿ ಮೆಟ್ಟಿಲ ಬುಡದಿಂದಲೇ, "ಹೋಗಿದ್ದು ವಾಪಸ್ ಬಂತಾ?" ಎಂದು ಕೇಳಿದರು. ಬಂತು, ಸ್ವಲ್ಪ ತಡವಾಯಿತು ಎಂದೆ. "ಅಮಾಸೆ ಅಲ್ವಾ" ಎಂದು ಅವರು ಬಚ್ಚಲಿಗೆ ಹೋದರು.

ಪ್ರಬಂಧ ಬರೆಯುವಾಗ ತಿದ್ದಿದ ಲೆಕ್ಕವನ್ನಷ್ಟೇ ಇಡು, ತಪ್ಪು ಅಂದಾಜು ಏಕೆ ಎಂದು ನಾನು ಹೇಳಿದೆ. ಅವಳು ಒಪ್ಪಲಿಲ್ಲ, ಏಳು ನಿಮಿಷದ ವ್ಯತ್ಯಾಸವೇ ತನ್ನ ಅಳತೆ ನೆಟ್ಟಗಿದೆ ಎಂಬುದಕ್ಕೆ ಸಾಕ್ಷಿ ಎಂದು ವಾದಿಸಿದಳು. ಎರಡು ದಿನ ಹಿಡಿದು ನಾನೇ ಸೋತೆ. ಪಟ್ಟಿಯ ಮೊದಲ ಕಂಬಸಾಲಿನಲ್ಲಿ 11:23 ಹಾಗೆಯೇ ಅಚ್ಚಾಯಿತು.