ತಂಗಿಗೊಂದು ಜೊತೆ ಪೌಡರ್ ಸ್ಕೀ

ಹೋದ ಭಾನುವಾರ ಹಾಸನದಿಂದ ಚಿಕ್ಕಮ್ಮನ ಮಗಳ ಫೋನ್ ಬಂತು. ಎತ್ತಿದ ಕೂಡಲೇ, "ಅಕ್ಕಾ, ಅಂಗಡಿಯವರು ನನಗೆ 146 ಸೆಂಟಿಮೀಟರ್ ಉದ್ದದ ಸ್ಕೀ ಸಾಕು ಅಂತಿದ್ದಾರೆ" ಅಂದಳು. ದನಿಯಲ್ಲಿ ಸಿಟ್ಟಿತ್ತು. ಅವಳ ಆಫೀಸಿನವರೊಬ್ಬರು ಮುಂದಿನ ತಿಂಗಳು ಜರ್ಮನಿಯಿಂದ ಬರುತ್ತಿದ್ದಾರೆ. ಅವರ ಕೈಲಿ ಒಂದು ಜೊತೆ ಪೌಡರ್ ಸ್ಕೀ, ಅಂದರೆ ಪುಡಿಯಂಥ ಹೊಸ ಹಿಮದ ಮೇಲೆ ಜಾರಲು ಕಾಲಿಗೆ ಹಾಕಿಕೊಳ್ಳುವ ಅಗಲದ ಹಲಗೆ, ತರಿಸೋಣ ಅಂತ ಅಲ್ಲಿನ ಅಂಗಡಿಯೊಂದಕ್ಕೆ ಎತ್ತರ, ತೂಕ ಬರೆದು ಕಳಿಸಿದ್ದಳಂತೆ. ಎತ್ತರ 152 ಸೆಂಟಿಮೀಟರ್, ತೂಕ 46 ಕಿಲೋ. ಅಷ್ಟು ನೋಡಿಯೇ ಅವರು "ಮೆತ್ತಗಿರುವುದು, ಗಿಡ್ಡನೆಯದು ತೊಗೊಳ್ಳಿ, ಕಲಿಯೋಕೆ ಸುಲಭ" ಅಂತ ಉತ್ತರ ಬರೆದುಬಿಟ್ಟಿದ್ದಾರೆ.

ಕಲಿಯೋಕೆ! ಇವಳು ಐದು ಚಳಿಗಾಲದಿಂದ ಗುಲ್ಮಾರ್ಗ್‌ನಲ್ಲಿ ಸ್ಕೀ ಮಾಡುತ್ತಿದ್ದಾಳೆ. ಎರಡನೇ ಹಂತದ ಗೊಂಡೋಲಾ, ಅಂದರೆ ತಂತಿಯ ಮೇಲೆ ಓಡುವ ಡಬ್ಬಿ, ಹತ್ತಿ ಅಫರ್ವಟ್ ಬೆಟ್ಟದ ಮೇಲೆ, ಸುಮಾರು 3,980 ಮೀಟರ್ ಎತ್ತರದಲ್ಲಿ ಇಳಿದು, ಅಲ್ಲಿಂದ ಮರಗಳ ನಡುವೆ ನುಸುಳಿಕೊಂಡು ಕೆಳಗೆ ಬರುವವಳು. ತಿರುವು ತೆಗೆದುಕೊಳ್ಳುವಾಗ ಅವಳ ಭುಜ ಅಲ್ಲಾಡುವುದೇ ಇಲ್ಲ, ಕೆಲಸವೆಲ್ಲ ಕಾಲಿನದು. ಅವಳು ಸಣ್ಣಗಿದ್ದಾಳೆ, ನಿಜ. ಆದರೆ ಹೊಸಬಳಲ್ಲ. ಈ ಎರಡನ್ನೂ ಒಂದೇ ಅಂತ ತಿಳಿಯುವವರ ಕೈಯಲ್ಲಿ ನಾನೂ ಸಿಕ್ಕಿಬಿದ್ದಿದ್ದೆ. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತಿದ್ದೇನೆ, ಅವಳಿಗೂ ಆಯಿತು, ಇದೇ ತೊಂದರೆಯಲ್ಲಿರುವ ಬೇರೆ ಹುಡುಗಿಯರಿಗೂ ಆಯಿತು.

ನಾನು ಅವಳಿಗಿಂತ ಎರಡು ಸೆಂಟಿಮೀಟರ್ ಕಮ್ಮಿ. ಏಳು ವರ್ಷ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿದ್ದೆ. ಅಲ್ಲಿ ಊರಿನ ತಲೆಯ ಮೇಲೇ ನಾರ್ಡ್‌ಕೆಟ್ಟೆ ಬೆಟ್ಟ, ಸ್ವಲ್ಪ ದೂರ ಹೋದರೆ ಸ್ಟೂಬಾಯ್ ಹಿಮನದಿ. ಶನಿವಾರ ಭಾನುವಾರ ಬಂದರೆ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಈಗ ಆಲ್ದೂರಿನ ಹತ್ತಿರ ನಮ್ಮ ತೋಟ ನೋಡಿಕೊಂಡಿದ್ದೇನೆ. ಅರೇಬಿಕಾ ಕುಯ್ಲು ಮುಗಿದು ರೋಬಸ್ಟಾ ಜೋರಾಗುವ ಮುಂಚೆ, ಜನವರಿ ಕೊನೆಯಲ್ಲಿ ಹತ್ತು ದಿನ ಬಿಡುವು ಮಾಡಿಕೊಂಡು ಗುಲ್ಮಾರ್ಗ್‌ಗೆ ಹೋಗುತ್ತೇನೆ. ಕಾಶ್ಮೀರದ ಚಿಲ್ಲಾಯ್ ಕಲಾನ್, ಅಂದರೆ ಡಿಸೆಂಬರ್ 21ರಿಂದ ಶುರುವಾಗುವ ನಲವತ್ತು ದಿನದ ಕಡುಚಳಿ, ಆಗ ಮುಗಿಯುತ್ತಿರುತ್ತದೆ. ಹಿಮ ಜರಡಿ ಹಿಡಿದ ಅಕ್ಕಿ ಹಿಟ್ಟಿನ ಹಾಗೆ ಬಿದ್ದಿರುತ್ತದೆ.

ನನಗೆ ಮೊದಲು ಕೊಟ್ಟಿದ್ದೂ 148ರ ಮೆತ್ತನೆಯ ಸ್ಕೀ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಹೂವಿನ ಹಾಗಿತ್ತು, ಖುಷಿಯಾಯಿತು. ಬೆಟ್ಟದ ಮೇಲೆ ಬೆಳಿಗ್ಗೆ ಒಂದು ಗಂಟೆ ಚೆನ್ನಾಗಿಯೇ ಹೋಯಿತು. ಆಮೇಲೆ ನೂರಾರು ಜನ ಓಡಾಡಿ ಹಿಮ ಉತ್ತ ಹೊಲದಂತಾಯಿತು ನೋಡಿ, ಅಲ್ಲಿ ಗೊತ್ತಾಯಿತು. ಒಂದು ಗುಡ್ಡೆಗೆ ತಗುಲಿದ ಕೂಡಲೇ ಸ್ಕೀಯ ಮೂತಿ ನನ್ನ ಕಡೆಗೆ ಬಗ್ಗಿತು, ನಾನು ಕಣ್ಣಾರೆ ನೋಡಿದೆ, ಮೂತಿ ಮೇಲಕ್ಕೆ ಮಡಚಿಕೊಂಡು ಮೊಣಕಾಲಿನ ಹತ್ತಿರ ಬಂದ ಹಾಗೆ ಅನ್ನಿಸಿತು, ಅಷ್ಟರಲ್ಲಿ ನಾನು ಅದರ ಮೇಲಿಂದ ಹಾರಿ ಹಿಮದೊಳಗೆ ಬಿದ್ದಿದ್ದೆ. ನನ್ನ ತಿರುವಿನಲ್ಲಿ ತಪ್ಪಿರಲಿಲ್ಲ. ನಾನು ಕೊಟ್ಟ ಒತ್ತಡವನ್ನು ಸ್ಕೀ ತಡೆದುಕೊಳ್ಳಲಿಲ್ಲ.

ಮರುವರ್ಷ ಅದಕ್ಕೆ ಪೂರಾ ಉಲ್ಟಾ ಮಾಡಿದೆ. ಗೆಳೆಯರ ಮಾತು ಕೇಳಿ 172ರ, ಒಳಗೆ ಎರಡು ಪದರ ಟೈಟನಾಲ್ ಇರುವ ಸ್ಕೀ ತಂದೆ. ಟೈಟನಾಲ್ ಅಂದರೆ ಒಂದು ಬಗೆಯ ಅಲ್ಯೂಮಿನಿಯಂ ಮಿಶ್ರಲೋಹ. ಸ್ಕೀ ಅದುರದ ಹಾಗೆ ಅದು ಹಿಡಿದಿಡುತ್ತದೆ, ಆದರೆ ತೂಕ ಜಾಸ್ತಿ. ಒಂದೊಂದು ಸ್ಕೀ 2.1 ಕಿಲೋ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬೇರೆ. ಮಧ್ಯಾಹ್ನ ಹನ್ನೆರಡಕ್ಕೆ ತೊಡೆ ಬಿಟ್ಟುಹೋಗುತ್ತಿತ್ತು. 80 ಕಿಲೋ ಇರುವವರ ಕಾಲಲ್ಲಿ ಚೆಂದಾಗಿ ಬಗ್ಗುವ ಸ್ಕೀ ನನ್ನ ಕಾಲಲ್ಲಿ ಬಗ್ಗಲೇ ಇಲ್ಲ. ಬಗ್ಗದಿದ್ದರೆ ತಿರುವಿಗೆ ಬರುವುದಿಲ್ಲ, ಸುಮ್ನೆ ಹಲಗೆ ತಳ್ಳಿದ ಹಾಗೆ.

ಹಾಗಾದರೆ ಎಷ್ಟು ಅಗಲ ಬೇಕು? ಎಲ್ಲರೂ "ಪೌಡರ್ ಅಂದರೆ 115 ಮಿಲಿಮೀಟರ್ ಇರಲೇಬೇಕು" ಅಂತಾರೆ. ಆ ಮಾತು ದೊಡ್ಡ ಮೈಯವರದು. ಒಂದು ಸಂಜೆ ಕೂತು ನಾನೇ ಲೆಕ್ಕ ಹಾಕಿದೆ. ಬಟ್ಟೆ, ಬೂಟು, ಬ್ಯಾಗು ಸೇರಿ 92 ಕಿಲೋ ಆಗುವ ಗಂಡಸು, 186 ಸೆಂಟಿಮೀಟರ್ ಉದ್ದ, ಸರಾಸರಿ 12.5 ಸೆಂಟಿಮೀಟರ್ ಅಗಲದ ಸ್ಕೀ ಹಾಕಿಕೊಂಡರೆ ಎರಡೂ ಸ್ಕೀ ಸೇರಿ ಒಂದು ಚದರ ಸೆಂಟಿಮೀಟರ್‌ಗೆ 20 ಗ್ರಾಂ ಹತ್ತಿರ ಭಾರ ಬೀಳುತ್ತದೆ. ನನ್ನ ತಂಗಿ ಎಲ್ಲ ಸೇರಿ 55 ಕಿಲೋ ಅನ್ನಿ, ಸ್ಕೀ 164 ಉದ್ದ, ಸರಾಸರಿ ಅಗಲ 11.7. ಬೀಳುವುದು 14 ಗ್ರಾಂ ಅಷ್ಟೇ. ಅವರ ಮಟ್ಟಕ್ಕೇ ತೇಲಿದರೆ ಸಾಕು ಅಂದರೆ ಅವಳಿಗೆ ಸರಾಸರಿ 8.4 ಸೆಂಟಿಮೀಟರ್ ಅಗಲವೇ ಸಾಕು! ಕೆಸರುಗದ್ದೆಯಲ್ಲಿ ಒಂದೇ ಹಲಗೆಯ ಮೇಲೆ ದೊಡ್ಡವರು ನಿಂತರೂ ಮಗು ನಿಂತರೂ ಒಂದೇ ಆಗುತ್ತಾ? ಇದೂ ಹಾಗೆಯೇ.

ಅಷ್ಟು ಸಣ್ಣದನ್ನೇ ತೊಗೊಳ್ಳಿ ಅಂತ ನಾನು ಹೇಳುತ್ತಿಲ್ಲ. ಮರಗಳ ನಡುವೆ ನಿಧಾನವಾಗಿ ಹೋಗುವಾಗ ಇನ್ನಷ್ಟು ತೇಲಿದರೆ ಒಳ್ಳೆಯದೇ. ಆದರೆ ನಡು ಅಗಲ 98ರಿಂದ 106 ಮಿಲಿಮೀಟರ್ ಒಳಗಿದ್ದರೆ ನಮ್ಮಂಥವರಿಗೆ ಅದೇ ಪೂರ್ತಿ ಪೌಡರ್ ಸ್ಕೀ. ಅದಕ್ಕಿಂತ ಅಗಲವಾದರೆ ಗಟ್ಟಿ ಹಿಮದಲ್ಲಿ ಅಂಚಿನ ಮೇಲೆ ನಿಲ್ಲಿಸಲು ಸಣ್ಣ ಪಾದ ಬಹಳ ಒದ್ದಾಡಬೇಕು. ಗುಲ್ಮಾರ್ಗ್‌ನಲ್ಲೂ ಎಲ್ಲ ದಿನ ಹೊಸ ಹಿಮ ಬೀಳುವುದಿಲ್ಲ ಅಲ್ವಾ.

ಇನ್ನು ಉದ್ದ. ಅಂಗಡಿಯವರ ದೊಡ್ಡ ತಪ್ಪು ಇಲ್ಲೇ. ಈಗಿನ ಪೌಡರ್ ಸ್ಕೀಗಳ ಮೂತಿ ದೋಣಿಯ ಮೂತಿಯ ಹಾಗೆ ಮುಂಚೆಯೇ ಮೇಲೆದ್ದಿರುತ್ತದೆ, ಬಾಲವೂ ಸ್ವಲ್ಪ ಎದ್ದಿರುತ್ತದೆ. ಇದಕ್ಕೆ ರಾಕರ್ ಅಂತಾರೆ. ಈ ಶತಮಾನದ ಶುರುವಿನಲ್ಲಿ ಶೇನ್ ಮೆಕಾಂಕಿ ಎಂಬ ಸ್ಕೀಪಟು, ನೀರಿನ ಮೇಲೆ ಓಡಿಸುವ ಸ್ಕೀಯ ಆಕಾರ ಪೌಡರ್‌ನಲ್ಲಿ ಯಾಕೆ ಕೆಲಸ ಮಾಡಬಾರದು ಅಂತ ಯೋಚಿಸಿದ್ದರಿಂದ ವೊಲಾಂಟ್ ಕಂಪನಿಯ ಸ್ಪ್ಯಾಚುಲಾ ಹುಟ್ಟಿತು. ಇವತ್ತಿನ ಪೌಡರ್ ಸ್ಕೀಗಳೆಲ್ಲ ಅದಕ್ಕೆ ಋಣಿ. ಮೂತಿ ಬಾಲ ಎರಡೂ ಎದ್ದಿದ್ದರೆ ಗಟ್ಟಿ ಹಿಮದಲ್ಲಿ ನೆಲ ಮುಟ್ಟುವ ಭಾಗ ಕಮ್ಮಿ. ಅಂದರೆ 164ರ ರಾಕರ್ ಸ್ಕೀ ಕಾಲಿಗೆ 150ರ ಹಾಗೆ ತಿರುಗುತ್ತದೆ, ಆಳದ ಹಿಮದಲ್ಲಿ ಮಾತ್ರ ಪೂರಾ 164 ಕೆಲಸಕ್ಕೆ ಬರುತ್ತದೆ. ಗಲ್ಲದ ಮಟ್ಟ, ಮೂಗಿನ ಮಟ್ಟ ಅಂತ ಅಳೆಯುವುದು ಕಲಿಯುವವರಿಗೆ. ತಿರುವು ಗೊತ್ತಿರುವವಳಿಗೆ ತಲೆಗಿಂತ ಎಂಟು ಹತ್ತು ಸೆಂಟಿಮೀಟರ್ ಉದ್ದವಿದ್ದರೆ ಏನೂ ತೊಂದರೆಯಿಲ್ಲ.

ತೂಕದ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಅಡಿಕೆ ಕೊಯ್ಯುವ ದೋಟಿ ಹಿಡಿದವರಿಗೆ ಇದು ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಬರೀ ದೋಟಿ ಎತ್ತುವುದು ಬೇರೆ, ತುದಿಯಲ್ಲಿ ಭಾರ ಇದ್ದಾಗ ಅದನ್ನು ಆ ಕಡೆ ಈ ಕಡೆ ಆಡಿಸುವುದು ಬೇರೆ. ಸ್ಕೀಯ ನಡುವಿನಲ್ಲಿ ನೂರು ಗ್ರಾಂ ಜಾಸ್ತಿಯಾದರೆ ಗೊತ್ತೇ ಆಗುವುದಿಲ್ಲ, ಮೂತಿಯಲ್ಲಿ ಜಾಸ್ತಿಯಾದರೆ ಪ್ರತಿ ತಿರುವಿನಲ್ಲೂ ಮೊಣಕಾಲು ಹೇಳುತ್ತದೆ. ಆದ್ದರಿಂದ ಒಟ್ಟು ತೂಕದ ಜೊತೆಗೆ ತುದಿಗಳು ಹಗುರವೇ ಅಂತಲೂ ನೋಡಬೇಕು. ಸ್ಕೀಯನ್ನು ನಡುವಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಬೀಸಿ ನೋಡಿ, ಸಾಕು. ನನ್ನ ಈಗಿನ ಜೊತೆಯನ್ನು ಕಣದಲ್ಲಿ ಹಣ್ಣು ತೂಗುವ ತಕ್ಕಡಿಗೆ ಹಾಕಿದ್ದೆ. ಒಂದು 1,540 ಗ್ರಾಂ, ಇನ್ನೊಂದು 1,570. ನಮ್ಮ ರೈಟರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ನೋಡುತ್ತಾ, "ಅಮ್ಮಾವ್ರೇ, ಒಂದೇ ಜೊತೆಯಲ್ಲಿ ಮೂವತ್ತು ಗ್ರಾಂ ವ್ಯತ್ಯಾಸ ಯಾಕೆ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಒಳಗಿರುವುದು ಮರ, ಮರದ ತೂಕ ತುಂಡಿನಿಂದ ತುಂಡಿಗೆ ಬೇರೆ. ಹಗುರ ಸ್ಕೀಗಳಲ್ಲಿ ಪೌಲೋನಿಯಾ, ಬಾಲ್ಸಾ ಥರದ ಮರ ಹಾಕುತ್ತಾರೆ, ಗಟ್ಟಿಗೆ ಬೀಚ್, ಆಶ್ ಸೇರಿಸುತ್ತಾರೆ.

ಹಗುರ ಅಂತ ಅತಿಗೆ ಹೋಗಬೇಡಿ. ಗೆಳತಿಯೊಬ್ಬಳ 1.2 ಕಿಲೋದ ಕಾರ್ಬನ್ ಸ್ಕೀಯಲ್ಲಿ ಮೂರು ದಿನ ಆಡಿದ್ದೆ. ಹಿಂದಕ್ಕೆ ಜಾರದಂತೆ ತಳಕ್ಕೆ ಸ್ಕಿನ್ ಎಂಬ ಪಟ್ಟಿ ಹಚ್ಚಿಕೊಂಡು ಬೆಟ್ಟ ಹತ್ತುವಾಗ ಕಾಲಲ್ಲಿ ಏನೂ ಇಲ್ಲದ ಹಾಗೆ, ಹೊಸ ಹಿಮದಲ್ಲಿ ಸ್ವರ್ಗ. ಆದರೆ ಮಧ್ಯಾಹ್ನದ ಕಡಿದ ಹಿಮದಲ್ಲಿ ಹೆಂಚಿನ ಮೇಲೆ ಹುರಿಯಲು ಹಾಕಿದ ಜೋಳದ ಹಾಗೆ ಪುಟಿಯಿತು. ನಾವೇ ಹಗುರ, ಸ್ಕೀಯೂ ಹಗುರವಾದರೆ ಗುಡ್ಡೆಗೆ ತಗುಲಿದಾಗ ದಾರಿ ತಪ್ಪದಂತೆ ಹಿಡಿಯಲು ಏನೂ ಉಳಿಯುವುದಿಲ್ಲ. ದಿನವಿಡೀ ನಡೆದು ಹತ್ತುವವರಿಗೆ ಅದು ಸರಿ. ಗೊಂಡೋಲಾದಲ್ಲಿ ಹತ್ತಿ, ಮೇಲೆ ಅರ್ಧ ಗಂಟೆ ನಡೆಯುವ ನಮಗೆ 1.4ರಿಂದ 1.7 ಕಿಲೋ ನಡುವೆ ಸರಿಹೋಗುತ್ತದೆ.

ಗಟ್ಟಿತನವನ್ನೂ ಕೈಯಿಂದಲೇ ನೋಡಬಹುದು. ಬಾಲವನ್ನು ನೆಲಕ್ಕೆ ಊರಿ, ಮೂತಿ ಹಿಡಿದು, ನಡುವನ್ನು ಅಂಗೈಯಿಂದ ಒತ್ತಿ. ಉದ್ದಕ್ಕೆ ಅದು ನಿಮ್ಮ ತೂಕಕ್ಕೆ ಬಗ್ಗಬೇಕು. ಆಮೇಲೆ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಆಗ ಬಗ್ಗಬಾರದು. ಕಲಿಯುವವರ ಸ್ಕೀ ಎರಡಕ್ಕೂ ಬಗ್ಗುತ್ತದೆ, ದೊಡ್ಡವರ ಸ್ಕೀ ನಮ್ಮ ಕೈಯಲ್ಲಿ ಎರಡಕ್ಕೂ ಬಗ್ಗುವುದಿಲ್ಲ. ತೂಕ ಕಮ್ಮಿ ಇದ್ದು ಕೈಚಳಕ ಇರುವವರಿಗೆ ಬೇಕಾದದ್ದು ಉದ್ದಕ್ಕೆ ಬಳುಕಿ, ತಿರುಚಿದರೆ ಬಿಗಿಯಾಗಿ ನಿಲ್ಲುವ ಸ್ಕೀ. ತಂಗಿ ಅಂಗಡಿಗೆ ಕೇಳಬೇಕಾದ ಪ್ರಶ್ನೆಯೂ ಇದೇ.

ಹೆಂಗಸರ ಸ್ಕೀ ಅಂತ ಬೇರೆ ಇದೆಯಲ್ಲ, ಅದನ್ನೇ ತೊಗೊಳ್ಳಲೇಬೇಕಾ ಅಂತ ಅವಳು ಕೇಳಿದಳು. ಬೇಕಾಗಿಲ್ಲ, ಆದರೆ ನಮ್ಮ ಉದ್ದಗಳು ಅಲ್ಲೇ ಜಾಸ್ತಿ ಸಿಗುತ್ತವೆ. ಕೆಲವು ಕಡೆ ಮೇಲಿನ ಬಣ್ಣ ಬಿಟ್ಟರೆ ಗಂಡಸರ ಸ್ಕೀಯೇ. ಕೆಲವು ಕಡೆ ನಿಜವಾಗಿಯೂ ಬದಲಾಯಿಸಿರುತ್ತಾರೆ, ನಾರ್ಡಿಕಾ ಕಂಪನಿಯ ಎನ್‌ಫೋರ್ಸರ್‌ನಲ್ಲಿ ಎರಡು ಲೋಹದ ಹಾಳೆ ಇದ್ದರೆ ಅದರ ಜೋಡಿಯಾದ ಸಾಂಟಾ ಆನಾದಲ್ಲಿ ಒಂದೇ ಹಾಕಿ ಹಗುರ ಮಾಡಿದ್ದರು. ಬ್ಲಿಜ಼ರ್ಡ್‌ನ ರಸ್ಲರ್‌ಗೆ ಜೋಡಿಯಾದ ಶೀವಾ, ಬ್ಲ್ಯಾಕ್ ಕ್ರೋಸ್‌ನಲ್ಲಿ ಬರ್ಡಿ ಅಂತ ಹೆಸರಿರುವವು, ವೋಲ್ಕ್‌ಲ್‌ನ ಬ್ಲೇಜ಼್, ಇವುಗಳಿಂದ ಹುಡುಕಲು ಶುರು ಮಾಡು ಅಂದೆ. ಪ್ರತಿ ವರ್ಷ ಒಳಗಿನ ಕಟ್ಟಣೆ ಬದಲಾಗುತ್ತಿರುತ್ತದೆ, ಹಾಗಾಗಿ ಹೆಸರು ನೋಡಿ ಅಲ್ಲ, ಆ ವರ್ಷದ ತೂಕ ನೋಡಿ ತೊಗೊಳ್ಳಬೇಕು.

ಸ್ಕೀಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡು ಬೈಂಡಿಂಗ್ ಅನ್ನು ಮರೆಯುವವರು ಬಹಳ. ಬಿದ್ದಾಗ ಬೂಟನ್ನು ಬಿಡಿಸಿ ಕಾಲು ಉಳಿಸುವುದು ಅದು. ಎಷ್ಟು ಬಲಕ್ಕೆ ಬಿಡಬೇಕು ಅನ್ನುವ ಸಂಖ್ಯೆಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಸ್ಕೀ ಮಾಡುವ ರೀತಿ, ಇಷ್ಟೂ ನೋಡಿ ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಂಗಡಿಯವರೇ ಇಡಬೇಕು. ನನ್ನದು 4.5ರ ಆಸುಪಾಸು. ದೊಡ್ಡ ಪೌಡರ್ ಸ್ಕೀಗೆ ಜೋಡಿಸುವ ಬೈಂಡಿಂಗ್‌ಗಳಲ್ಲಿ ಕೆಲವು 6ರಿಂದಲೇ ಶುರು! ಅದನ್ನು ಹಾಕಿಕೊಂಡರೆ ನಾವು ಬಿದ್ದಾಗ ಅದು ಬಿಡದೇ ಇರಬಹುದು. ನಮ್ಮ ಸಂಖ್ಯೆ ಆ ಬೈಂಡಿಂಗ್‌ನ ಅಳತೆಯ ಒಳಗೆ ಬರಬೇಕು, ತೀರಾ ಕೆಳಗಿನ ತುದಿಯಲ್ಲೂ ಇರಬಾರದು. ಇದರಲ್ಲಿ ಮಾತ್ರ ರಾಜಿ ಬೇಡ. ಬಿಚ್ಚಿಕೊಂಡ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕಿನ ಅಗಲವೂ ಸ್ಕೀಯ ನಡುವಿಗೆ ಹೊಂದಬೇಕು, 102ಕ್ಕೆ 110ರ ಬ್ರೇಕ್ ಸರಿ.

ಇಲ್ಲಿಂದ ಹೋಗುವ ನಮಗೆ ಇನ್ನೊಂದು ಲೆಕ್ಕವೂ ಇದೆ. ಬೆಂಗಳೂರಿನಿಂದ ಶ್ರೀನಗರಕ್ಕೆ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಲಗೇಜು. ಸ್ಕೀ, ಬೈಂಡಿಂಗ್, ಬೂಟು, ಚೀಲ ಸೇರಿ ನನ್ನದು 10 ಕಿಲೋ ಆಗುತ್ತದೆ. ಉಳಿದ ಐದರಲ್ಲಿ ಬಟ್ಟೆ, ಸಲಿಕೆ, ಹಿಮಕುಸಿತದಲ್ಲಿ ಹುಡುಕಲು ಚುಚ್ಚುವ ಕೋಲು. ಸಂಕೇತ ಕಳಿಸುವ ಯಂತ್ರ ಕೈಚೀಲದಲ್ಲಿ. ಅಫರ್ವಟ್ ಮೇಲೆ ಅವು ಮೂರೂ ಇಲ್ಲದೆ ನಾನು ಒಂದು ಹೆಜ್ಜೆ ಇಡುವುದಿಲ್ಲ.

ಮತ್ತೆ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇನ್ನು ಸ್ಕೀಯ ಉಕ್ಕಿನ ಅಂಚು ಉಳಿಯುತ್ತಾ? ಊರಿಗೆ ಬಂದ ಮೊದಲ ವರ್ಷ ಅಟ್ಟದ ಮೇಲೆ ಚೀಲದೊಳಗೇ ಬಿಟ್ಟಿದ್ದೆ. ಅಕ್ಟೋಬರ್‌ನಲ್ಲಿ ತೆಗೆದರೆ ಅಂಚಿನುದ್ದಕ್ಕೂ ಕೆಂಪು ತುಕ್ಕು, ಬೆರಳಿಗೆ ಪುಡಿ ಹತ್ತುತ್ತಿತ್ತು. ಈಗ ಗುಲ್ಮಾರ್ಗ್‌ನಿಂದ ಬಂದ ವಾರವೇ ಒಣ ಬಟ್ಟೆಯಲ್ಲಿ ಒರೆಸಿ, ಹಳೇ ಇಸ್ತ್ರಿ ಪೆಟ್ಟಿಗೆಯಿಂದ ತಳಕ್ಕೂ ಅಂಚಿಗೂ ದಪ್ಪ ಮೇಣ ಕರಗಿಸಿ ಹಚ್ಚಿ, ಅದನ್ನು ಕೆರೆಯದೆ ಹಾಗೇ ಬಿಡುತ್ತೇನೆ. ಚೀಲಕ್ಕೆ ಹಾಕದೆ, ಅಡುಗೆಮನೆ ಗೋಡೆಯ ಆಚೆ ಬದಿಯಲ್ಲಿ, ಒಲೆಯ ಬಿಸಿ ತಾಗುವ ಕಡೆ ನಿಲ್ಲಿಸುತ್ತೇನೆ. ಮೂರು ಮಳೆಗಾಲ ಕಳೆದಿದೆ, ತುಕ್ಕು ಬಂದಿಲ್ಲ. ಹಾಸನದಲ್ಲಿ ಮಳೆ ಕಮ್ಮಿ, ಆದರೂ ತಂಗಿಗೆ ಇದನ್ನು ಎರಡು ಸಲ ಹೇಳಿದ್ದೇನೆ.

ಕೊನೆಗೆ ಇಬ್ಬರೂ ಕೂತು ಅಂಗಡಿಗೆ ಹೊಸದಾಗಿ ಮೇಲ್ ಬರೆದೆವು. ಎತ್ತರ, ತೂಕ ಮೊದಲು ಬರೆಯಲಿಲ್ಲ. ಐದು ಚಳಿಗಾಲ, ಕಡಿದಾದ ಇಳಿಜಾರು, ಮರಗಳ ನಡುವಿನ ಪೌಡರ್, ಮಧ್ಯಾಹ್ನದ ಕಡಿದ ಹಿಮ ಅಂತ ಮೊದಲು ಬರೆದು, ಆಮೇಲೆ 46 ಕಿಲೋ ಅಂದೆವು. ಉತ್ತರ ಎರಡೇ ದಿನಕ್ಕೆ ಬಂತು: 162, ನಡು 102, ಒಂದಕ್ಕೆ 1.5 ಕಿಲೋ. ಬೈಂಡಿಂಗ್ ಕೂರಿಸಲು ಬೂಟಿನ ತಳದ ಉದ್ದ ಬೇಕಂತೆ.

"ಹಿಮ್ಮಡಿ ಪಕ್ಕದಲ್ಲಿ ಅಚ್ಚು ಹಾಕಿರುತ್ತಾರೆ ನೋಡು ಪುಟ್ಟಿ."

"ಇರು ಅಕ್ಕಾ, ಟಾರ್ಚ್ ಬಿಡ್ತೀನಿ... 262."

"ಸರಿ, ಅದನ್ನೇ ಕಳಿಸು."