ಲೇಬಲ್ ಚಿತ್ರಕ್ಕಲ್ಲ, ನ್ಯೂರಾನ್‌ಗೆ ಹಾಕಿ

ಸ್ಪೈಕಿಂಗ್ ನ್ಯೂರಲ್ ನೆಟ್‌ವರ್ಕ್ (ಮಿದುಳಿನ ನರಕೋಶದ ಥರ ಸ್ಪೈಕ್ ಅನ್ನೋ ಚಿಕ್ಕ ಮಿಡಿತಗಳಲ್ಲಿ ಮಾತಾಡೋ ಕೃತಕ ನ್ಯೂರಾನ್‌ಗಳ ಜಾಲ) ಕಲೀಬೇಕು ಅನ್ನೋರಿಗೆ ನಾನು ಮೊದ್ಲು ಹೇಳೋದು ಜ್ಯೂರಿಕ್‌ನ ಡೀಲ್ ಮತ್ತೆ ಕುಕ್ ಬರೆದ 2015ರ ಪೇಪರ್ ಓದಿ ಅಂತ. ಹಳೇದಾಯ್ತು, ನಿಜ. ಆದ್ರೆ ಲೇಬಲ್ (ಈ ಚಿತ್ರ ಇಂಥದ್ದು ಅಂತ ಮನುಷ್ಯರು ಬರೆದಿಟ್ಟ ಹೆಸರು) ಕಮ್ಮಿ ಇದ್ದಾಗ ಏನ್ ಮಾಡೋದು ಅನ್ನೋದಕ್ಕೆ ಇಷ್ಟು ಸಲೀಸಾದ ಉತ್ತರ ನಂಗೆ ಬೇರೆ ಕಡೆ ಸಿಕ್ಕಿಲ್ಲ.

ಅದ್ರಲ್ಲಿ ಬ್ಯಾಕ್‌ಪ್ರೊಪಗೇಷನ್ನೇ (ಉತ್ತರದಲ್ಲಾದ ತಪ್ಪನ್ನ ಹಿಂದಕ್ಕೆ ಸಾಗಿಸಿ ನೆಟ್‌ವರ್ಕ್ ತಿದ್ದೋ ಮಾಮೂಲಿ ವಿಧಾನ) ಇಲ್ಲ. ಎಂನಿಸ್ಟ್ ಅನ್ನೋ ಕೈಬರಹದ ಅಂಕಿಗಳ ಸಂಗ್ರಹದಿಂದ ಒಂದು ಚಿತ್ರ ತಗೊಳಿ, 28×28, ಅಂದ್ರೆ 784 ಪಿಕ್ಸೆಲ್, ಒಂದೊಂದೂ ತನ್ನ ಬೆಳಕಿಗೆ ತಕ್ಕಂಗೆ 350 ಮಿಲಿಸೆಕೆಂಡ್ ಸ್ಪೈಕ್ ಕಳಿಸ್ತಾ ಇರತ್ತೆ, ಆ ಕಡೆ ನ್ಯೂರಾನ್ ಫೈರ್ ಆಗೋಕೆ ಸ್ವಲ್ಪ ಮುಂಚೆ ಯಾವ ಸಿನಾಪ್ಸ್‌ನಿಂದ (ಪಿಕ್ಸೆಲ್‌ಗೂ ನ್ಯೂರಾನ್‌ಗೂ ಇರೋ ಕೊಂಡಿ) ಸ್ಪೈಕ್ ಬಂದಿತ್ತೋ ಅದ್ರ ವೇಯ್ಟ್, ಅಂದ್ರೆ ಕೊಂಡಿಯ ಬಲ, ಏರತ್ತೆ, ಸುಮ್ನಿದ್ದವುಗಳದ್ದು ಇಳಿಯತ್ತೆ, ಎಸ್‌ಟಿಡಿಪಿ (ಸ್ಪೈಕ್-ಟೈಮಿಂಗ್-ಡಿಪೆಂಡೆಂಟ್ ಪ್ಲಾಸ್ಟಿಸಿಟಿ) ಅಂದ್ರೆ ಇಷ್ಟೇ. ಒಂದು ಫೈರ್ ಆದ್ರೆ ಮಿಕ್ಕಿದ್ದನ್ನ ಅದುಮತ್ತೆ, ಹಾಗಾಗಿ ಒಂದೊಂದು ನ್ಯೂರಾನ್ ಒಂದೊಂದು ಆಕಾರ ಹಿಡ್ಕೊಳತ್ತೆ. ಜಾಸ್ತಿ ಫೈರ್ ಆಗೋದ್ರ ಥ್ರೆಶೋಲ್ಡ್ (ಫೈರ್ ಆಗೋಕೆ ದಾಟಬೇಕಾದ ಮಟ್ಟ) ಏರಿಸ್ತಾ ಹೋಗ್ಬೇಕು, ಇಲ್ಲಾಂದ್ರೆ ಪಂಕ್ತೀಲಿ ಮೊದ್ಲು ಕೂತವ್ರೇ ಹೋಳಿಗೆ ಖಾಲಿ ಮಾಡಿದಂಗೆ ನಾಲ್ಕೈದು ನ್ಯೂರಾನೇ ಎಲ್ಲಾ ಅಂಕಿನೂ ನುಂಗಿಬಿಡ್ತವೆ.

ಇಷ್ಟರಲ್ಲಿ ಲೇಬಲ್ ಎಲ್ಲೂ ಬರ್ಲೇ ಇಲ್ಲ ನೋಡಿ. ಅದು ಬೇಕಾಗೋದು ಕೊನೇಲಿ, ಯಾವ ನ್ಯೂರಾನ್ ಯಾವ ಅಂಕಿದು ಅಂತ ಹೆಸರಿಡೋಕೆ. ಅವ್ರು ಅದಕ್ಕೆ ಇಡೀ ಟ್ರೇನಿಂಗ್ ಸೆಟ್ ಬಳಸಿದ್ರು, ನನ್ ಪ್ರಕಾರ ಅಷ್ಟೆಲ್ಲ ಬೇಕಿಲ್ಲ. 100 ನ್ಯೂರಾನ್ ಇದ್ರೆ ಒಂದೊಂದ್ರ 784 ವೇಯ್ಟನ್ನೂ ಚಿತ್ರ ಮಾಡಿ ಸ್ಕ್ರೀನ್ ಮೇಲೆ ಹಾಕ್ಕೊಳಿ, ಇದು 3, ಇದು 0 ಅಂತ ಕಣ್ಣಿಗೇ ಕಾಣತ್ತೆ, ಕೂತು 100 ಹೆಸರು ಬರೆದ್ರಾಯ್ತು, 60,000 ಚಿತ್ರಕ್ಕೆ ಲೇಬಲ್ ಹಾಕೋದೆಲ್ಲಿ ಇದೆಲ್ಲಿ! 4, 9 ಕಲಸಿಕೊಂಡಿರತ್ತೆ, ಅಂಥವಕ್ಕೆ ಅಂತ ಒಂದಷ್ಟು ನಿಜವಾದ ಲೇಬಲ್ ಇಟ್ಕೊಳಿ. 2019ರಲ್ಲಿ ಬಂದ ಕನ್ನಡ-ಎಂನಿಸ್ಟ್ ಕೂಡ ಇದೇ ಅಳತೆದು, ಅದನ್ನೇ ಹಾಕಿ ನೋಡ್ಬೋದು, ಅಲ್ಲಿ ತಲೆನೋವು ೩, ೬, ೭ರದ್ದು ಅನ್ಕೊಳಿ.

ಮಿತಿ ಇದ್ದೇ ಇದೆ. ಆ ಪೇಪರ್‌ನಲ್ಲೇ ಅಂಕಿ ಸರಿಯಾಗಿ ಗುರುತಿಸಿದ್ದು 100 ನ್ಯೂರಾನ್‌ಗೆ ಶೇ. 82.9, 6,400ಕ್ಕೆ ಏರಿಸಿದ್ರೂ ಶೇ. 95. ಸರೊಗೇಟ್ ಗ್ರೇಡಿಯಂಟ್ (ಸ್ಪೈಕ್‌ಗೆ ಹೊಂದೋ ಹಾಗೆ ಮಾರ್ಪಡಿಸಿದ ಬ್ಯಾಕ್‌ಪ್ರೊಪಗೇಷನ್) ಆದ್ರೆ 99 ದಾಟತ್ತೆ, ಆದ್ರೆ ಅದಕ್ಕೆ ಹೆಜ್ಜೆಹೆಜ್ಜೆಗೂ ಲೇಬಲ್ ಬೇಕು. ಕಲರ್ ಫೋಟೋಗಂತೂ ಈ ಒಂದೇ ಲೇಯರ್ ಸಾಲಲ್ಲ, ಅಲ್ಲಿ ಎಸ್‌ಟಿಡಿಪಿಲಿ ಶುರು ಮಾಡಿ ಆಮೇಲೆ ಇರೋ ಚೂರುಪಾರು ಲೇಬಲ್‌ನಿಂದ ಗ್ರೇಡಿಯಂಟ್ ಹಾಕಿ ತಿದ್ದೋದೇ ವಾಸಿ. ಮಾಡಿ ನೋಡೋರಿಗೆ ಬೈಂಡ್ಸ್‌ನೆಟ್ ಲೈಬ್ರರೀಲಿ ಡೀಲ್-ಕುಕ್ ಮಾಡೆಲ್ ರೆಡಿ ಇದೆ, ಪೈಥಾನ್ ಬಂದ್ರೆ ಸಾಕು.